ಅಗಲ ಹಳಿಯ ಡ್ಯಾನಿಯಲ್ ಗೂಚ್

ಕೈಗಾರಿಕಾ ಕ್ರಾಂತಿಯ ಅಧ್ಯಾಯವನ್ನು ಓದುವಾಗ ನಮಗೆಲ್ಲ ಎರಡು ಹೆಸರುಗಳು ತಪ್ಪದೆ ಎದುರಾಗುತ್ತವೆ: ಉಗಿಯಂತ್ರಕ್ಕೆ ಜೇಮ್ಸ್ ವಾಟ್, ರೈಲುಬಂಡಿಗೆ ಜಾರ್ಜ್ ಸ್ಟೀವನ್‌ಸನ್. 1829ರಲ್ಲಿ 'ರಾಕೆಟ್' ಎಂಬ ಎಂಜಿನ್ ಪಂದ್ಯದಲ್ಲಿ ಗೆದ್ದಿತೆಂದು ಹೇಳಿ ಪುಸ್ತಕವು ಮುಂದಿನ ವಿಷಯಕ್ಕೆ ಹೋಗಿಬಿಡುತ್ತದೆ. ಆ ಎಂಜಿನ್ನಿನ ಪರಮಾವಧಿ ವೇಗ ಗಂಟೆಗೆ ಸುಮಾರು 30 ಮೈಲಿ. ಅಲ್ಲಿಂದ ಇಪ್ಪತ್ತು ವರ್ಷ ತುಂಬುವುದರೊಳಗೆ ಇಂಗ್ಲೆಂಡಿನ ಒಂದು ರೈಲುದಾರಿಯಲ್ಲಿ ಬಂಡಿಗಳು ಗಂಟೆಗೆ 60 ಮೈಲಿಗೂ ಮೀರಿ ಓಡುತ್ತಿದ್ದವು. ನಡುವೆ ಏನು ನಡೆಯಿತು, ಯಾರು ನಡೆಸಿದರು ಎಂಬ ಪ್ರಶ್ನೆಯನ್ನು ಹಿಡಿದು ಹೊರಟಾಗ ನನಗೆ ಸಿಕ್ಕಿದ ಹೆಸರು ಡ್ಯಾನಿಯಲ್ ಗೂಚ್. ನಾನು ಇತಿಹಾಸದ ವಿದ್ಯಾರ್ಥಿಯೇ ಹೊರತು ಯಂತ್ರಶಾಸ್ತ್ರ ಕಲಿತವನಲ್ಲ. ಆದರೆ ಈತನ ಕಥೆ ಯಂತ್ರದ್ದು ಎಷ್ಟೋ, ಅರ್ಥಶಾಸ್ತ್ರದ್ದೂ ರಾಜಕೀಯದ್ದೂ ಅಷ್ಟೇ. ಆದ್ದರಿಂದ ಕಲಾ ಕಾಲೇಜಿನ ಪತ್ರಿಕೆಯಲ್ಲಿ ಇದಕ್ಕೆ ಎಡೆಯುಂಟೆಂದು ಭಾವಿಸಿದ್ದೇನೆ.

ಗೂಚನು ಹುಟ್ಟಿದ್ದು 1816ನೆಯ ಆಗಸ್ಟ್ 24ರಂದು, ಉತ್ತರ ಇಂಗ್ಲೆಂಡಿನ ಬೆಡ್ಲಿಂಗ್ಟನ್ ಎಂಬ ಊರಿನಲ್ಲಿ. ಅದು ಕಲ್ಲಿದ್ದಲು ಮತ್ತು ಕಬ್ಬಿಣದ ಸೀಮೆ. ಆ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿಯೇ 1820ರಲ್ಲಿ ಬರ್ಕಿನ್‌ಷಾ ಎಂಬವನು ಬಾಗಿದರೂ ಒಡೆಯದ ಮೆದುಕಬ್ಬಿಣದ ಹಳಿಗಳನ್ನು ಉದ್ದುದ್ದವಾಗಿ ಎಳೆಯುವ ವಿಧಾನಕ್ಕೆ ಹಕ್ಕು ಪಡೆದದ್ದು. ಅದಕ್ಕೆ ಮುಂಚಿನ ಎರಕದ ಹಳಿಗಳು ಎಂಜಿನ್ನಿನ ಭಾರಕ್ಕೆ ಪಟಪಟನೆ ಮುರಿಯುತ್ತಿದ್ದವು. ಹೀಗೆ ರೈಲಿನ ಬಾಲ್ಯವೂ ಗೂಚನ ಬಾಲ್ಯವೂ ಒಂದೇ ಅಂಗಳದಲ್ಲಿ ಕಳೆದವೆಂದರೆ ತಪ್ಪಾಗದು. ಅವನ ಅಣ್ಣತಮ್ಮಂದಿರಲ್ಲಿ ಇನ್ನೂ ಮೂವರು ರೈಲ್ವೆ ಎಂಜಿನಿಯರುಗಳಾದರು. 1831ರಲ್ಲಿ ಕುಟುಂಬವು ವೇಲ್ಸಿನ ಗಡಿಯ ಟ್ರೆಡೆಗರ್ ಕಾರ್ಖಾನೆಗೆ ವಲಸೆ ಬಂದಿತು. ಎರಡು ವರ್ಷಗಳಲ್ಲಿ ತಂದೆ ತೀರಿಕೊಂಡ. ಹುಡುಗನು ಅಲ್ಲಿಂದ ವಲ್ಕನ್ ಫೌಂಡ್ರಿ, ಡಂಡೀ, ನ್ಯೂಕಾಸಲ್ ಎಂದು ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದು ನಕ್ಷೆ ಬರೆಯುವುದನ್ನೂ ಕೈಕೆಲಸವನ್ನೂ ಕಲಿತನು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಅವನು ಹತ್ತಲೇ ಇಲ್ಲ.

ನ್ಯೂಕಾಸಲ್ಲಿನ ಸ್ಟೀವನ್‌ಸನ್ ಕಾರ್ಖಾನೆಯಲ್ಲಿ ಅವನ ಕೈಗೆ ಬಂದ ಒಂದು ಕೆಲಸವನ್ನು ಇಲ್ಲಿ ಸ್ಮರಿಸಬೇಕು. ರಷ್ಯಾ ದೇಶದ ಒಂದು ರೈಲುದಾರಿಗೆ ಎಂಜಿನ್ನಿನ ನಕ್ಷೆ ಬರೆಯಬೇಕಾಗಿತ್ತು. ಆ ದಾರಿಯ ಹಳಿಗಳ ನಡುವಣ ಅಂತರ 6 ಅಡಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಅದು 4 ಅಡಿ 8½ ಅಂಗುಲ. ಗಣಿಗಳಲ್ಲಿ ಕುದುರೆ ಎಳೆಯುತ್ತಿದ್ದ ಗಾಡಿಗಳ ಅಳತೆಯನ್ನೇ ಸ್ಟೀವನ್‌ಸನ್ ಹಿಡಿದುಕೊಂಡಿದ್ದ, ಅಷ್ಟೆ. ಆ ಇಕ್ಕಟ್ಟಿನಲ್ಲಿ ಸಿಲಿಂಡರು, ಅಚ್ಚು, ಬೆಂಕಿಗೂಡುಗಳನ್ನು ತುರುಕುವುದಕ್ಕೆ ನಕ್ಷೆಗಾರರು ಹೆಣಗುತ್ತಿದ್ದರು. ಹರಹು ದೊರೆತ ಕೂಡಲೆ ಎಂಜಿನ್ನಿನ ಭಾಗಗಳನ್ನು ಹೇಗೆ ಬೇಕೋ ಹಾಗೆ ಜೋಡಿಸಬಹುದೆಂಬುದನ್ನು ಕಂಡು ತಾನು ಹಿಗ್ಗಿದೆನೆಂದು ಗೂಚನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಅವನ ಮುಂದಿನ ಬಾಳೆಲ್ಲ ಆ ಹಿಗ್ಗಿನ ಬೆನ್ನಟ್ಟಿ ಹೋದದ್ದೇ.

1837ರ ಜುಲೈ ತಿಂಗಳಲ್ಲಿ ಅವನಿಗೆ ಒಂದು ಸುದ್ದಿ ಮುಟ್ಟಿತು. ಲಂಡನ್ನಿನಿಂದ ಬ್ರಿಸ್ಟಲ್ಲಿಗೆ ಗ್ರೇಟ್ ವೆಸ್ಟರ್ನ್ ರೈಲ್ವೆ ಎಂಬ ಹೊಸ ದಾರಿ ಹಾಕಲಾಗುತ್ತಿದೆ, ಅದರ ಎಂಜಿನಿಯರ್ ಇಸಂಬಾರ್ಡ್ ಬ್ರೂನೆಲ್ ಹಳಿಗಳ ಅಂತರವನ್ನು 7 ಅಡಿಗೆ ಏರಿಸಿದ್ದಾನೆ, ಎಂಜಿನ್ನುಗಳನ್ನು ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕಾಗಿದ್ದಾನೆ. ಗೂಚನು ಜುಲೈ 18ರಂದು ನೇರವಾಗಿ ಬ್ರೂನೆಲನಿಗೆ ಕಾಗದ ಬರೆದನು. ಆಗಸ್ಟ್ 9ರಂದು ಮ್ಯಾಂಚೆಸ್ಟರಿನಲ್ಲಿ ಭೇಟಿಯಾಯಿತು. ಅದೇ ತಿಂಗಳ 18ರಿಂದ ಅವನು ಆ ದೊಡ್ಡ ಸಂಸ್ಥೆಯ ಎಂಜಿನ್ ವಿಭಾಗದ ಮುಖ್ಯಾಧಿಕಾರಿ. ಅವನಿಗೆ ಇಪ್ಪತ್ತೊಂದು ವರ್ಷ ತುಂಬಲು ಇನ್ನೂ ಆರು ದಿನ ಇತ್ತು. ನಮ್ಮಲ್ಲಿ ಬಿ.ಎ. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿರುವವರ ವಯಸ್ಸು!

ಬ್ರೂನೆಲನು ಮಹಾಪ್ರತಿಭೆಯುಳ್ಳವನು. ಸೇತುವೆ, ಸುರಂಗ, ಹಡಗು ಯಾವುದನ್ನು ಮುಟ್ಟಿದರೂ ಹಿಂದೆ ಯಾರೂ ಮಾಡದ ರೀತಿಯಲ್ಲಿಯೇ ಮಾಡಬೇಕೆಂಬ ಹಟ. ಎಂಜಿನ್ನಿನ ವಿಚಾರದಲ್ಲಿ ಮಾತ್ರ ಈ ಹಟ ಅವನಿಗೆ ಮುಳುವಾಯಿತು. ಎಂಜಿನ್ ಕಟ್ಟುವವರಿಗೆ ಅವನು ಎರಡು ಷರತ್ತುಗಳನ್ನು ವಿಧಿಸಿದ್ದ. ಒಂದು, ತೂಕ 10½ ಟನ್ನಿಗೆ ಮೀರಬಾರದು. ಇನ್ನೊಂದು, ಬಂಡಿ ಗಂಟೆಗೆ 30 ಮೈಲಿ ಓಡುವಾಗ ಪಿಸ್ಟನ್ನಿನ ವೇಗ ನಿಮಿಷಕ್ಕೆ 280 ಅಡಿಗಿಂತ ಹೆಚ್ಚಾಗಬಾರದು.

ಇದರ ಅರ್ಥವೇನೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಂಟೆಗೆ 30 ಮೈಲಿ ಎಂದರೆ ನಿಮಿಷಕ್ಕೆ 2640 ಅಡಿ. ಚಕ್ರದ ವ್ಯಾಸ 7 ಅಡಿಯಾದರೆ ಸುತ್ತಳತೆ ಸುಮಾರು 22 ಅಡಿ. ನಿಮಿಷಕ್ಕೆ 120 ಸುತ್ತು ಬೇಕು. ಪಿಸ್ಟನ್ ಒಂದು ದಿಕ್ಕಿಗೆ 16 ಅಂಗುಲ ಚಲಿಸುವುದಾದರೆ ಒಂದು ಸುತ್ತಿಗೆ ಹೋಗಿಬರುವ ದೂರ 32 ಅಂಗುಲ. ಅಂದರೆ ನಿಮಿಷಕ್ಕೆ 320 ಅಡಿಯಾಯಿತು. ಷರತ್ತು ಮುರಿಯಿತು. ಚಕ್ರವನ್ನು 8 ಅಡಿಗೆ ಏರಿಸಿದರೆ ಲೆಕ್ಕ ಸರಿಯಾಗಿ 280ಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ಕಟ್ಟುವವರು ಚಕ್ರವನ್ನು ದೊಡ್ಡದು ಮಾಡುತ್ತ ಹೋದರು. ಆದರೆ ತೂಕದ ಮಿತಿ ಹಾಗೆಯೇ ಇತ್ತಲ್ಲ! ಚಕ್ರ ದೊಡ್ಡದಾದಷ್ಟೂ ಬಾಯ್ಲರನ್ನು ಚಿಕ್ಕದು ಮಾಡಲೇಬೇಕು. ಬಾಯ್ಲರು ಚಿಕ್ಕದಾದರೆ ಉಗಿ ಸಾಲದು. 10 ಅಡಿ ಚಕ್ರದ 'ಹರಿಕೇನ್' ಬಂದಿತು. ಅದರ ಬಾಯ್ಲರು ಬೇರೆ ಗಾಡಿಯ ಮೇಲೆ, ಯಂತ್ರ ಬೇರೆ ಗಾಡಿಯ ಮೇಲೆ. ಹಲ್ಲುಚಕ್ರಗಳನ್ನು ಜೋಡಿಸಿದ 'ಥಂಡರರ್' ಬಂದಿತು. ಚಂಡಮಾರುತ, ಗುಡುಗು ಎಂದು ಹೆಸರು. ಓಡುವುದು ಮಾತ್ರ ಕಷ್ಟ. ಗಡಿಯಾರದ ಅಂಗಡಿಯಲ್ಲಿ ಇಡಬಹುದಾದ ವಿಚಿತ್ರಗಳನ್ನು ದಾರಿಯ ಮೇಲೆ ಓಡಿಸುವ ಹೊಣೆ ಗೂಚನ ಹೆಗಲಿಗೆ ಬಿತ್ತು.

ಅವನ ಮಾನ ಉಳಿಸಿದ್ದು ಒಂದೇ ಒಂದು ಎಂಜಿನ್, 'ನಾರ್ತ್ ಸ್ಟಾರ್'. ಅದು ಬ್ರೂನೆಲನ ಷರತ್ತಿನ ಪ್ರಕಾರ ಕಟ್ಟಿದ್ದಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸಿಗೆಂದು ಸ್ಟೀವನ್‌ಸನ್ ಕಾರ್ಖಾನೆಯಲ್ಲಿ ತಯಾರಾಗಿ, ಕೊಳ್ಳುವವರಿಲ್ಲದೆ ಉಳಿದದ್ದನ್ನು 7 ಅಡಿ ಹಳಿಗೆ ಅಳವಡಿಸಿ 1837ರ ನವೆಂಬರಿನಲ್ಲಿ ದೋಣಿಯ ಮೇಲೆ ಥೇಮ್ಸ್ ನದಿಯಲ್ಲಿ ತಂದಿಳಿಸಿದ್ದರು. ಮೇಲೆ ನಾನು ಲೆಕ್ಕ ಹಾಕಿದ 7 ಅಡಿ ಚಕ್ರ, 16 ಅಂಗುಲದ ಓಟ ಇದೇ ಎಂಜಿನ್ನಿನದು. ಎಂದರೆ ಷರತ್ತಿಗೆ ಹೊಂದದ ಎಂಜಿನ್ನೇ ಷರತ್ತು ಹಾಕಿದವನ ದಾರಿಯನ್ನು ಕಾಪಾಡಿತು. 1838ರ ಜೂನ್ 4ರಂದು ಪ್ಯಾಡಿಂಗ್‌ಟನ್‌ನಿಂದ ಮೇಡನ್‌ಹೆಡ್‌ವರೆಗೆ ಸಂಚಾರ ಆರಂಭವಾಯಿತು. ಹಗಲು ಕೆಟ್ಟು ನಿಂತ ಎಂಜಿನ್ನುಗಳನ್ನು ಮರುದಿನಕ್ಕೆ ಸಿದ್ಧಪಡಿಸಲು ಗೂಚನು ಎಷ್ಟೋ ರಾತ್ರಿಗಳನ್ನು ಎಂಜಿನ್ ಮನೆಯಲ್ಲಿಯೇ ಕಳೆದನು.

ಹೂಡಿಕೆದಾರರಲ್ಲಿ ಗುಜುಗುಜು ಹುಟ್ಟಿತು. ದೋಷ ಎಂಜಿನ್ನಿನದೋ, ಅಗಲ ಹಳಿಯದೋ, ಇಲ್ಲ ಈ ಎಳೆಯ ಮೇಲ್ವಿಚಾರಕನದೋ? ಆಡಳಿತ ಮಂಡಳಿಯವರು ಬ್ರೂನೆಲನನ್ನು ದಾಟಿ ನೇರವಾಗಿ ಗೂಚನಿಂದಲೇ ವರದಿ ಕೇಳಿದರು. ಇದು ಎಂಥ ಇಕ್ಕಟ್ಟೆಂಬುದನ್ನು ಯೋಚಿಸಿ. ಕೆಲಸ ಕೊಟ್ಟವನು ಬ್ರೂನೆಲ್. ಎಂಜಿನ್ನುಗಳಿಗೆ ಷರತ್ತು ಹಾಕಿದವನೂ ಬ್ರೂನೆಲ್. ಸುಳ್ಳು ಬರೆದರೆ ದೋಷ ತನ್ನ ಮೇಲೆ; ನಿಜ ಬರೆದರೆ ಉಪಕಾರ ಮಾಡಿದವನಿಗೆ ಎದುರಾದಂತೆ. ಗೂಚನು ನಿಜವನ್ನೇ ಬರೆದನು. ಎಂಜಿನ್ನುಗಳ ರಚನೆಯೇ ಸರಿಯಿಲ್ಲವೆಂದು ಒಂದೊಂದನ್ನೂ ಹೆಸರಿಸಿ ತಿಳಿಸಿದನು. ಬ್ರೂನೆಲನಿಗೆ ಸಿಟ್ಟು ಬಂದು ಖಾರವಾದ ಕಾಗದ ಬರೆದನಂತೆ. ಆದರೆ ಆ ಸಿಟ್ಟು ಬಹಳ ದಿನ ನಿಲ್ಲಲಿಲ್ಲ. 1859ರಲ್ಲಿ ಬ್ರೂನೆಲನು ತೀರಿಕೊಳ್ಳುವವರೆಗೂ ಅವರ ಸ್ನೇಹಕ್ಕೆ ಭಂಗ ಬರಲಿಲ್ಲ. ಬ್ರೂನೆಲನ ಬಗ್ಗೆ ಬರೆಯುವವರು ಅವನ ಸೇತುವೆಗಳನ್ನು ಹೊಗಳುತ್ತಾರೆ. ತನ್ನ ತಪ್ಪನ್ನು ಹೇಳಿದ ಕಿರಿಯನನ್ನು ಕೈಬಿಡದೆ ಇಟ್ಟುಕೊಂಡದ್ದನ್ನೂ ಅವನ ಲೆಕ್ಕಕ್ಕೆ ಜಮಾ ಹಾಕಬೇಕೆಂದು ನನ್ನ ಅಭಿಪ್ರಾಯ.

1838ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ, ಇಬ್ಬರೂ ಸೇರಿ 'ನಾರ್ತ್ ಸ್ಟಾರ್' ಎಂಜಿನ್ನಿನ ಒಂದು ಕೊಳವೆಯನ್ನು ಬದಲಾಯಿಸಿದರು. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿ ಈ ಕೊಳವೆಯ ಮೂಲಕ ಹೊಗೆಗೂಡಿಗೆ ನುಗ್ಗಿ, ಮೇಲೆ ಹೋಗುವಾಗ ಬೆಂಕಿಯ ಗಾಳಿಯನ್ನು ತನ್ನೊಡನೆ ಎಳೆದೊಯ್ಯುತ್ತದೆ. ನಮ್ಮ ಅಕ್ಕಸಾಲಿಯ ಊದುಕೊಳವೆಯ ಕೆಲಸವನ್ನೇ ಇದು ತಿರುವುಮುರುವಾಗಿ ಮಾಡುತ್ತದೆ. ಕೊಳವೆಯ ಬಾಯಿ ತೀರ ಕಿರಿದಾದರೆ ಉಗಿ ಹೊರಬೀಳಲಾರದೆ ಪಿಸ್ಟನ್ನನ್ನು ಹಿಂದಕ್ಕೆ ಒತ್ತುತ್ತದೆ. ತೀರ ಅಗಲವಾದರೆ ಬೆಂಕಿಗೆ ಗಾಳಿ ಸಾಲದು. ಅವರು ಬಾಯಿಯನ್ನು ಹಿಗ್ಗಿಸಿ, ಉಗಿ ಹೊಗೆಕೊಳವೆಯ ಸರಿನಡುವಿನಲ್ಲಿ ಏರುವಂತೆ ನಿಲ್ಲಿಸಿದರು. ಆಮೇಲೆ ಅದೇ ಎಂಜಿನ್ 40 ಟನ್ ಭಾರವನ್ನು ಗಂಟೆಗೆ 40 ಮೈಲಿಯಂತೆ ಎಳೆಯಿತು. ಸುಟ್ಟ ಕೋಕ್ ಹಿಂದಿನದರ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಅಗಲ ಹಳಿಗೆ ವೇಗ ಸಾಧ್ಯವಿಲ್ಲವೆಂದು ವರದಿ ಕೊಟ್ಟಿದ್ದ ಪಂಡಿತರು ಬಾಯಿ ಮುಚ್ಚಿದರು.

ಗೂಚನ ಬಾಳಿನಲ್ಲಿ ಅತ್ಯಂತ ಮಹತ್ವದ ಕೆಲಸ ಯಾವುದೆಂದು ನನ್ನನ್ನು ಕೇಳಿದರೆ, ವೇಗದ ಎಂಜಿನ್ನುಗಳಲ್ಲ, 1840ರಲ್ಲಿ ಅವನು ಕಾರ್ಖಾನೆಗಳಿಗೆ ಕಳುಹಿಸಿದ ಒಂದು ಕಟ್ಟು ಕಾಗದವೆಂದು ಹೇಳುತ್ತೇನೆ. ಅಲ್ಲಿಯವರೆಗೆ ಒಂದೊಂದು ಎಂಜಿನ್ನೂ ಒಂದೊಂದು ಬಗೆ. ಒಂದರ ಮೊಳೆ ಇನ್ನೊಂದಕ್ಕೆ ಹೊಂದದು. ಕೆಟ್ಟರೆ ಕಮ್ಮಾರನು ಹೊಸದಾಗಿ ಬಡಿಯಬೇಕು. ಗೂಚನು 'ಫೈರ್ ಫ್ಲೈ' ಎಂಬ ಮಾದರಿಯ ಪ್ರತಿಯೊಂದು ಭಾಗದ ನಕ್ಷೆಯನ್ನೂ ಬರೆಸಿ, ಅಚ್ಚು ಹಾಕಿಸಿ, ಏಳು ಕಾರ್ಖಾನೆಗಳಿಗೆ ಹಂಚಿದನು. ಪರಸ್ಪರ ಬದಲಾಯಿಸಬಹುದಾದ ಭಾಗಗಳಿಗೆ ಕಬ್ಬಿಣದ ತಗಡಿನಲ್ಲಿ ಕತ್ತರಿಸಿದ ಅಳತೆಯ ಮಾದರಿಗಳನ್ನೂ ಜೊತೆಗೆ ಕಳುಹಿಸಿದನು. 1840ರಿಂದ 1842ರ ಒಳಗೆ ಅದೇ ಮಾದರಿಯ 62 ಎಂಜಿನ್ನುಗಳು ತಯಾರಾದವು. ಏಳು ಊರುಗಳಲ್ಲಿ ಏಳು ಮಂದಿ ಕಟ್ಟಿದರೂ ಒಂದರ ಭಾಗ ಇನ್ನೊಂದಕ್ಕೆ ಕೂಡುತ್ತಿತ್ತು. ಇಂದು ಸೈಕಲ್ಲಿನ ಅಂಗಡಿಯಲ್ಲಿ ಬಿಡಿಭಾಗ ಕೇಳಿ ತರುವ ನಮಗೆ ಇದರಲ್ಲಿ ಸೋಜಿಗವೇನೂ ಕಾಣಿಸದು. ಆಗ ಇದು ಹೊಸತು. ಮೊದಲ 'ಫೈರ್ ಫ್ಲೈ' 1840ರ ಮಾರ್ಚ್ 17ರಂದು ಟ್ವೈಫರ್ಡಿನಿಂದ ಲಂಡನ್ನಿಗೆ 30¾ ಮೈಲಿಯನ್ನು 37 ನಿಮಿಷದಲ್ಲಿ ಓಡಿತು. ಇದೇ ವರ್ಗದ 'ಫ್ಲೆಗಥಾನ್' 1842ರ ಜೂನ್ 13ರಂದು ವಿಕ್ಟೋರಿಯಾ ರಾಣಿಯ ಮೊದಲ ರೈಲುಪ್ರಯಾಣಕ್ಕೆ ಹೂಡಲ್ಪಟ್ಟಿತು. ಚಾಲಕನ ಜಾಗದಲ್ಲಿ ನಿಂತಿದ್ದವನು ಗೂಚನೇ, ಪಕ್ಕದಲ್ಲಿ ಬ್ರೂನೆಲ್.

ಇಷ್ಟು ಎಂಜಿನ್ನುಗಳಾದ ಮೇಲೆ ಅವುಗಳಿಗೊಂದು ಮನೆ ಬೇಕಲ್ಲ? ಬ್ರೂನೆಲನು ಬಯಲಿನಲ್ಲಿ ಕುಳಿತು ತಿನ್ನುತ್ತಿದ್ದ ತಿಂಡಿಯನ್ನು ಎಸೆದು, ಅದು ಬಿದ್ದ ಕಡೆ ಕಾರ್ಖಾನೆ ಕಟ್ಟಲು ಹೇಳಿದನೆಂದು ಒಂದು ಕಟ್ಟುಕಥೆಯುಂಟು. ನಿಜವಾಗಿ 1840ರ ಸೆಪ್ಟೆಂಬರ್ 13ರಂದು ಗೂಚನು ಬರೆದ ಕಾಗದವೊಂದು ಉಳಿದಿದೆ. ಅದರಲ್ಲಿ ಎಸೆತವಿಲ್ಲ, ಯುಕ್ತಿಯಿದೆ. ಲಂಡನ್ನಿನಿಂದ ಸ್ವಿಂಡನ್ನಿನವರೆಗೆ ದಾರಿ ಬಹುಮಟ್ಟಿಗೆ ಸಮತಟ್ಟು. ಅಲ್ಲಿಂದಾಚೆಗೆ ಇಳಿಜಾರುಗಳು ಕಡಿದು. ಎಂಜಿನ್ ಬದಲಾಯಿಸಲು ಅದೇ ತಕ್ಕ ಸ್ಥಳ. ಚೆಲ್ಟನ್‌ಹ್ಯಾಮಿನ ಕವಲುದಾರಿ ಕೂಡುವುದೂ ಅಲ್ಲಿಯೇ, ಪಕ್ಕದಲ್ಲಿ ಕಾಲುವೆಯೂ ಉಂಟು. 1843ರ ಜನವರಿಯಲ್ಲಿ ಕಾರ್ಖಾನೆ ಕೆಲಸ ಆರಂಭಿಸಿತು. ಎರಡು ಸಾವಿರ ಚಿಲ್ಲರೆ ಜನವಿದ್ದ ಸಂತೆಯೂರು 1901ರ ಹೊತ್ತಿಗೆ 45,000 ಜನದ ಪಟ್ಟಣವಾಗಿತ್ತು. ಕೆಲಸಗಾರರಿಗೆ ಕಲ್ಲಿನ ಮನೆಗಳ ಸಾಲು, ಒಂದು ಚರ್ಚು, ವಾಚನಾಲಯ ಬಂದವು. 1847ರಲ್ಲಿ ಸ್ಥಾಪನೆಯಾದ ವೈದ್ಯನಿಧಿಗೆ ಕೆಲಸಗಾರರ ಸಂಬಳದಿಂದ ವಾರವಾರವೂ ಸ್ವಲ್ಪ ಹಣ ಸೇರುತ್ತಿತ್ತು. ಕುಟುಂಬಕ್ಕೆಲ್ಲ ಔಷಧೋಪಚಾರ ದೊರೆಯುತ್ತಿತ್ತು. 1948ರಲ್ಲಿ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಸ್ವಿಂಡನ್ನಿನ ಈ ಪದ್ಧತಿಯನ್ನು ಅದರ ಪೂರ್ವಜವೆಂದು ಎಣಿಸಿದವರುಂಟು. ಆ ಕಾರ್ಖಾನೆ 1986ರಲ್ಲಿ ಬಾಗಿಲು ಮುಚ್ಚಿತು.

ಈಗ ಹಳಿಗಳ ಜಗಳಕ್ಕೆ ಬರೋಣ. 1844ರಲ್ಲಿ ಬ್ರಿಸ್ಟಲ್ ಕಡೆಯ ಅಗಲ ಹಳಿಯೂ ಬರ್ಮಿಂಗ್‌ಹ್ಯಾಮ್ ಕಡೆಯ ಕಿರಿದು ಹಳಿಯೂ ಗ್ಲೌಸ್ಟರ್ ನಿಲ್ದಾಣದಲ್ಲಿ ಎದುರುಬದುರಾದವು. ಒಂದರ ಬಂಡಿ ಇನ್ನೊಂದರ ಮೇಲೆ ಓಡದು. ಪ್ರತಿಯೊಂದು ಪೆಟ್ಟಿಗೆ, ಮೂಟೆ, ದನ, ಪ್ರಯಾಣಿಕ ಎಲ್ಲವೂ ಇಳಿದು ಹತ್ತಬೇಕು. ಪಾರ್ಲಿಮೆಂಟಿನವರು ನೋಡಲು ಬರುತ್ತಾರೆಂದು ತಿಳಿದಾಗ ಕಿರಿದು ಹಳಿಯ ಅಧಿಕಾರಿಯೊಬ್ಬನು, ಆಗಲೇ ಸಾಮಾನು ಬದಲಾಯಿಸಿ ಮುಗಿದಿದ್ದ ಎರಡು ಬಂಡಿಗಳನ್ನು ಮತ್ತೆ ಇಳಿಸಲು ಹೇಳಿ ಗದ್ದಲವನ್ನು ಇಮ್ಮಡಿ ಮಾಡಿದನೆಂದು ಹಳೆಯ ರೈಲ್ವೆ ನೌಕರರು ಮುಂದೆ ನಗುತ್ತ ಹೇಳಿಕೊಂಡರು. ನಾಟಕ ಫಲಿಸಿತೆಂದೇ ಹೇಳಬೇಕು.

1845ರಲ್ಲಿ ಸರ್ಕಾರವು ಮೂವರು ಸದಸ್ಯರ ಆಯೋಗವನ್ನು ನೇಮಿಸಿತು. ಅವರಲ್ಲಿ ಒಬ್ಬನು ರಾಜಜ್ಯೋತಿರ್ವಿದ ಏರಿ. ಆ ವರ್ಷದ ಡಿಸೆಂಬರಿನಲ್ಲಿ ಎರಡು ಪಕ್ಷದ ಎಂಜಿನ್ನುಗಳಿಗೂ ಪರೀಕ್ಷೆ ನಡೆಯಿತು. ಗೂಚನ 'ಇಕ್ಸಿಯಾನ್', 'ಫೈರ್ ಫ್ಲೈ' ವರ್ಗದ್ದು, ಐದು ವರ್ಷದ ಹಳೆಯ ವಿನ್ಯಾಸ, 60 ಟನ್ ಎಳೆದುಕೊಂಡು ಗಂಟೆಗೆ 60 ಮೈಲಿಯನ್ನು ಮುಟ್ಟಿತು. ಎದುರಾಳಿಗಳ ಹೊಚ್ಚ ಹೊಸ ಎಂಜಿನ್ ಅದಕ್ಕಿಂತ ಹಗುರ ಭಾರವನ್ನು ಸುಮಾರು 53 ಮೈಲಿಯ ವೇಗದಲ್ಲಿ ಎಳೆಯಿತು. ಇನ್ನೊಂದು ದಾರಿಯಲ್ಲೇ ಮಗುಚಿ ಬಿದ್ದಿತು. ವೇಗದಲ್ಲಿ ಅಗಲ ಹಳಿಯೇ ಮೇಲೆಂದು ಆಯೋಗವು ಒಪ್ಪಿತು. ಒಪ್ಪಿದ ಮೇಲೆ ತೀರ್ಪನ್ನು ಅದರ ವಿರುದ್ಧ ಕೊಟ್ಟಿತು! ಕಾರಣ ಸರಳ: ಆಗ ದೇಶದಲ್ಲಿ ಕಿರಿದು ಹಳಿ 1901 ಮೈಲಿ, ಅಗಲ ಹಳಿ 274 ಮೈಲಿ. 1846ರ ಕಾನೂನು ಹೊಸ ದಾರಿಗಳೆಲ್ಲ ಸಾಮಾನ್ಯವಾಗಿ 4 ಅಡಿ 8½ ಅಂಗುಲವೇ ಆಗಿರಬೇಕೆಂದು ವಿಧಿಸಿತು.

ಈ ತೀರ್ಪು ಅನ್ಯಾಯವೆಂದು ಕೆಲವರು ಬರೆದಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ರೈಲುದಾರಿಯ ಬೆಲೆ ಅದು ಎಷ್ಟು ದಾರಿಗಳೊಡನೆ ಕೂಡುತ್ತದೆಂಬುದರ ಮೇಲೆ ನಿಂತಿದೆ. ಒಳ್ಳೆಯ ವ್ಯಾಕರಣವಿದ್ದ ಮಾತ್ರಕ್ಕೆ, ಹತ್ತು ಮಂದಿ ಮಾತ್ರ ಆಡುವ ಭಾಷೆಯಲ್ಲಿ ಸಂತೆಯ ವ್ಯಾಪಾರ ಸಾಗುವುದಿಲ್ಲ. ಗೂಚನ ಯಂತ್ರ ಗೆದ್ದದ್ದೂ ನಿಜ, ಬ್ರೂನೆಲನ ಲೆಕ್ಕ ಸೋತದ್ದೂ ನಿಜ.

ಗೂಚನು ಸೋಲನ್ನು ಒಪ್ಪದೆ ಇನ್ನೂ ದೊಡ್ಡ ಎಂಜಿನ್ನಿಗೆ ಕೈ ಹಾಕಿದನು. 1846ರಲ್ಲಿ ಸ್ವಿಂಡನ್ನಿನಲ್ಲಿ ಹದಿಮೂರು ವಾರಗಳಲ್ಲಿ 'ಗ್ರೇಟ್ ವೆಸ್ಟರ್ನ್' ತಯಾರಾಯಿತು. ಚಾಲಕ ಚಕ್ರ 8 ಅಡಿ. ಈ ಬಾರಿ ತೂಕದ ಸಂಕೋಲೆಯಿಲ್ಲ, ದೊಡ್ಡ ಚಕ್ರಕ್ಕೆ ತಕ್ಕ ದೊಡ್ಡ ಬಾಯ್ಲರು. ಆ ಜೂನ್ 1ರಂದು ಅದು ಲಂಡನ್ನಿನಿಂದ ಎಕ್ಸಿಟರಿಗೆ 194 ಮೈಲಿಯನ್ನು 208 ನಿಮಿಷದಲ್ಲಿ ಮುಟ್ಟಿತು. ಮುಂದೆ ಮುಂಭಾಗದ ಅಚ್ಚು ಮುರಿದದ್ದರಿಂದ ಮುಂದೆ ಇನ್ನೊಂದು ಜೊತೆ ಚಕ್ರ ಸೇರಿಸಲಾಯಿತು. ಆ ತಿದ್ದುಪಡಿಯಿಂದಲೇ 1847ರ 'ಐರನ್ ಡ್ಯೂಕ್' ವರ್ಗ ಹುಟ್ಟಿತು. ಅದೇ ವರ್ಗದ 'ಗ್ರೇಟ್ ಬ್ರಿಟನ್' 1848ರ ಮೇ 11ರಂದು ಪ್ಯಾಡಿಂಗ್‌ಟನ್‌ನಿಂದ ಡಿಡ್‌ಕಾಟ್‌ಗೆ 53 ಮೈಲಿಯನ್ನು 47½ ನಿಮಿಷದಲ್ಲಿ ಓಡಿತು, ಎಂದರೆ ಸರಾಸರಿ ಗಂಟೆಗೆ 67 ಮೈಲಿ. 'ಲಾರ್ಡ್ ಆಫ್ ದಿ ಐಲ್ಸ್' 1851ರ ಮಹಾಪ್ರದರ್ಶನದಲ್ಲಿ ನಿಂತಿತು.

ಈ ಸಾಧನೆಯ ಹಿಂದೆ ಅಳೆಯುವ ಬುದ್ಧಿಯಿತ್ತು. ಬಂಡಿ ಓಡುವಾಗ ಗಾಳಿಯೂ ಘರ್ಷಣೆಯೂ ಎಷ್ಟು ತಡೆಯುತ್ತವೆ ಎಂಬ ವಿಚಾರದಲ್ಲಿ ಎಂಜಿನಿಯರುಗಳ ಸಭೆಯಲ್ಲಿ ವಾದ ಎದ್ದಾಗ, ಗೂಚನು ಎಳೆತವನ್ನು ತಾನೇ ತಾನಾಗಿ ಕಾಗದದ ಸುರುಳಿಯ ಮೇಲೆ ಗುರುತಿಸುವ ಒಂದು ಬಂಡಿಯನ್ನೇ ಕಟ್ಟಿಸಿದನು. ಸಿಲಿಂಡರಿನೊಳಗಿನ ಉಗಿಯ ಒತ್ತಡವನ್ನು ದಾಖಲಿಸಲು ಓಡುವ ಎಂಜಿನ್ನಿನ ಮುಂಭಾಗದಲ್ಲಿ ತಾನೇ ಕುಳಿತನು. ಗಂಟೆಗೆ 60 ಮೈಲಿ ವೇಗ, ಎದುರಿಗೆ ತೆರೆದ ಗಾಳಿ! ಎದುರಾಳಿಗಳು ಸೂತ್ರಗಳನ್ನು ತಂದರು, ಇವನು ಸುರುಳಿಗಳನ್ನು ತಂದನು.

1864ರಲ್ಲಿ ಗೂಚನು ಎಂಜಿನ್ ವಿಭಾಗವನ್ನು ಬಿಟ್ಟನು. ವಿಶ್ರಾಂತಿಗಾಗಿ ಅಲ್ಲ. ಬ್ರೂನೆಲನ ಕೊನೆಯ ಕೂಸಾದ 'ಗ್ರೇಟ್ ಈಸ್ಟರ್ನ್' ಎಂಬ ದೈತ್ಯ ಹಡಗು ಮಾಲೀಕರನ್ನೆಲ್ಲ ಮುಳುಗಿಸಿ ಹರಾಜಿಗೆ ಬಂದಿತ್ತು. ಗೂಚನೂ ಅವನ ಜೊತೆಗಾರರೂ ಕೇವಲ 25,000 ಪೌಂಡಿಗೆ ಅದನ್ನು ಕೊಂಡು ಸಮುದ್ರದಡಿಯ ತಂತಿ ಹಾಕಲು ಹೊರಟರು. 1865ರಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ ತಂತಿ ತುಂಡಾಗಿ ಆಳಕ್ಕಿಳಿಯಿತು. ಗೂಚನು ಹಡಗಿನಲ್ಲೇ ಇದ್ದನು. ಮರುವರ್ಷ ಮತ್ತೆ ಹೊರಟು 1866ರ ಜುಲೈ 27ರಂದು ನ್ಯೂಫೌಂಡ್‌ಲೆಂಡಿನ ಹಾರ್ಟ್ಸ್ ಕಂಟೆಂಟ್ ಎಂಬಲ್ಲಿ ತಂತಿಯ ತುದಿಯನ್ನು ದಡಕ್ಕೆ ತಂದರು. ಹಿಂದಿನ ವರ್ಷದ ತುಂಡನ್ನೂ ಕೊಕ್ಕೆ ಬಿಟ್ಟು ಎತ್ತಿ ಜೋಡಿಸಿದರು. ಇದಕ್ಕಾಗಿ ಅವನಿಗೆ ಬ್ಯಾರೊನೆಟ್ ಪದವಿ ದೊರೆಯಿತು. ಎಂಜಿನ್ನುಗಳಿಗಾಗಿ ದೊರೆಯಲಿಲ್ಲ. ಅದೇ ಹಡಗು 1870ರಲ್ಲಿ ಮುಂಬಯಿಯಿಂದ ಏಡನ್ನಿಗೆ ತಂತಿ ಹಾಕಿತು.

ಅಷ್ಟರಲ್ಲಿ ಹಳೆಯ ರೈಲ್ವೆ ಸಂಸ್ಥೆ ಅವನನ್ನು ಮತ್ತೆ ಕರೆಯಿತು. 1865ರಲ್ಲಿ ಅವನು ಗ್ರೇಟ್ ವೆಸ್ಟರ್ನಿನ ಅಧ್ಯಕ್ಷನಾದನು. ಮುಂದಿನ ಮೇ ತಿಂಗಳಲ್ಲಿ ಓವರೆಂಡ್ ಗರ್ನಿ ಎಂಬ ಲಂಡನ್ನಿನ ದೊಡ್ಡ ಹಣಕಾಸು ಸಂಸ್ಥೆ ದಿವಾಳಿಯೆದ್ದಿತು. ಸಾಲದ ಮೇಲೆ ನಿಂತಿದ್ದ ರೈಲುಸಂಸ್ಥೆಗಳು ತತ್ತರಿಸಿದವು. ಸರ್ಕಾರದ ಹತ್ತಿರ ಸಾಲ ಕೇಳಿದರೂ ಸಿಗಲಿಲ್ಲ. ಗೂಚನು ಹೊಸ ಕೆಲಸಗಳನ್ನೆಲ್ಲ ನಿಲ್ಲಿಸಿ, ಖರ್ಚನ್ನು ಹಿಂಡಿ ಹಿಂಡಿ ಸಂಸ್ಥೆಯನ್ನು ಉಳಿಸಿದನು. ಉಳಿಸಿದನು ನಿಜ, ಆದರೆ ಆ ಮಿತವ್ಯಯ ಅಭ್ಯಾಸವಾಗಿ ಅಂಟಿಕೊಂಡಿತು. 1848ರಲ್ಲಿ ಜಗತ್ತಿಗೇ ವೇಗ ಕಲಿಸಿದ ದಾರಿಯ ಬಂಡಿಗಳು ಮೂವತ್ತು ವರ್ಷಗಳ ಮೇಲೂ ಅದಕ್ಕಿಂತ ಹೆಚ್ಚು ವೇಗವಾಗಿ ಓಡಲಿಲ್ಲ. ಯೌವನದ ಗೂಚನು ಈ ಅಧ್ಯಕ್ಷನ ಕೈಕೆಳಗೆ ಕೆಲಸಕ್ಕಿದ್ದರೆ ಏನೆಂದು ವರದಿ ಬರೆಯುತ್ತಿದ್ದನೋ! ಅದೇ ಕಾಲದಲ್ಲಿ ಇಪ್ಪತ್ತು ವರ್ಷ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದು, ಒಂದು ಭಾಷಣವನ್ನೂ ಮಾಡದೆ ಹೊರಬಂದನು. ಇನ್ನಷ್ಟು ಮಂದಿ ತನ್ನ ಹಾಗೆಯೇ ಇದ್ದಿದ್ದರೆ ಸಭೆಯ ಕೆಲಸ ಚೆನ್ನಾಗಿ ಸಾಗುತ್ತಿತ್ತೆಂದು ದಿನಚರಿಯಲ್ಲಿ ಗುರುತು ಮಾಡಿಕೊಂಡಿದ್ದಾನೆ.

ಹಳಿಗಳ ಜಗಳ ನಮ್ಮ ದೇಶಕ್ಕೂ ಬಂದ ಬಗೆಯನ್ನು ಇಲ್ಲಿ ಹೇಳದೆ ಬಿಡಲಾಗದು. ಇಂಗ್ಲೆಂಡಿನಲ್ಲಿ ಆಯೋಗ ನಡೆಯುತ್ತಿದ್ದಾಗ ವಾಣಿಜ್ಯ ಮಂಡಳಿಯ ಅಧ್ಯಕ್ಷನಾಗಿದ್ದವನು ಡಾಲ್‌ಹೌಸಿ. 1848ರಲ್ಲಿ ಅವನೇ ಇಲ್ಲಿಗೆ ಗವರ್ನರ್ ಜನರಲ್ ಆಗಿ ಬಂದನು. ಆ ಗೊಂದಲವನ್ನು ಕಣ್ಣಾರೆ ಕಂಡಿದ್ದರಿಂದ ಭಾರತಕ್ಕೆಲ್ಲ ಒಂದೇ ಅಳತೆ ಇರಬೇಕೆಂದು ಅವನು ಪಟ್ಟು ಹಿಡಿದನು. 5 ಅಡಿ 6 ಅಂಗುಲವೆಂದು ಗೊತ್ತಾಯಿತು. ಎರಡು ದಶಕ ಕಳೆಯುವುದರೊಳಗೆ, ಮೇಯೋನ ಕಾಲದಲ್ಲಿ, ಖರ್ಚು ಕಡಿಮೆಯೆಂದು ಮೀಟರ್ ಗೇಜನ್ನು ತಂದರು. ಬೆಂಗಳೂರಿಗೆ 1864ರಲ್ಲಿ ಜೋಲಾರಪೇಟೆ ಕಡೆಯಿಂದ ಬಂದದ್ದು ಅಗಲ ಹಳಿ. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಮುಟ್ಟಿದ್ದು ಮೀಟರ್ ಗೇಜು. ಮದರಾಸಿನಿಂದ ಮೈಸೂರಿಗೆ ಹೊರಟ ಮೂಟೆ ನೂರು ವರ್ಷಕ್ಕೂ ಮಿಕ್ಕಿ ಬೆಂಗಳೂರಿನಲ್ಲಿ ಇಳಿದು ಹತ್ತಿತು. ಗ್ಲೌಸ್ಟರಿನ ನಾಟಕವನ್ನು ನಾವು ಇಂಗ್ಲೆಂಡಿನವರಿಗಿಂತ ಹೆಚ್ಚು ಕಾಲ ಆಡಿದೆವು. 1992ರ ಏಕರೂಪ ಗೇಜು ಯೋಜನೆಯ ಮೇಲೆ ನಮ್ಮ ಹಳಿಗಳು ಅಗಲವಾದವು. ಅಲ್ಲಿ ಕಿರಿದು ಗೆದ್ದಿತು, ಇಲ್ಲಿ ಅಗಲ ಗೆದ್ದಿತು. ಎರಡು ಕಡೆಯೂ ಗೆದ್ದದ್ದು ಹೆಚ್ಚು ಮೈಲಿ ಇದ್ದದ್ದೇ.

ಗೂಚನ ಕಡೆಯ ಇಪ್ಪತ್ತು ವರ್ಷಗಳ ವಿಷಯವೇ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು. ಅಗಲ ಹಳಿಯ ಮೇಲೆ ತನ್ನ ಯೌವನವನ್ನೆಲ್ಲ ಸುರಿದವನು, ಅಧ್ಯಕ್ಷನಾಗಿ ಅದನ್ನು ಕಿತ್ತುಹಾಕಿಸುವ ಆಜ್ಞೆಗಳಿಗೆ ರುಜು ಹಾಕಬೇಕಾಯಿತು. 1861ರಲ್ಲಿಯೇ ಪ್ಯಾಡಿಂಗ್‌ಟನ್‌ವರೆಗೆ ಮೂರನೆಯ ಹಳಿ ಹಾಕಿ ಎರಡು ಬಗೆಯ ಬಂಡಿಗಳೂ ಓಡುವಂತೆ ಮಾಡಿದ್ದರು. 1872ರ ಮೇ ತಿಂಗಳಲ್ಲಿ ದಕ್ಷಿಣ ವೇಲ್ಸಿನ ದಾರಿಯನ್ನೆಲ್ಲ ಕಿರಿದುಗೊಳಿಸಿದರು. ಅವನು ಅಡ್ಡ ಬರಲಿಲ್ಲ, ಲೆಕ್ಕಪತ್ರ ಎದುರಿಗಿತ್ತು. ಆದರೆ ಸೆವರ್ನ್ ನದಿಯಡಿಯ ಸುರಂಗದ ವಿಚಾರದಲ್ಲಿ ಅವನು ಲೆಕ್ಕಪತ್ರವನ್ನು ಮರೆತನೆನ್ನಬೇಕು. 1873ರಲ್ಲಿ ಆರಂಭವಾದ ಆ ಕೆಲಸಕ್ಕೆ 1879ರಲ್ಲಿ ನೆಲದೊಳಗಿನ ಒಂದು ಮಹಾ ಒರತೆ ನುಗ್ಗಿ ಎಲ್ಲವನ್ನೂ ಮುಳುಗಿಸಿತು. ನೀರೆತ್ತಲು ಒಂದು ವರ್ಷಕ್ಕೂ ಮೇಲೆ ಹಿಡಿಯಿತು. ಎರಡು ಕಡೆಯ ತೋಡು ಕೂಡಿದ ದಿನ, ವಯಸ್ಸಾದ ಅಧ್ಯಕ್ಷನು ಆ ಕಿಂಡಿಯಲ್ಲಿ ತೆವಳಿಕೊಂಡು ಆಚೆ ಕಡೆಗೆ ಹೋದನು. ಬ್ಯಾರೊನೆಟ್ಟನೊಳಗಿಂದ ಟ್ರೆಡೆಗರ್ ಕಾರ್ಖಾನೆಯ ಹುಡುಗ ಹೊರಗೆ ಇಣುಕಿದಂತೆ ನನಗೆ ತೋರುತ್ತದೆ. ನಾಲ್ಕು ಮೈಲಿಗೂ ಉದ್ದವಾದ ಆ ಸುರಂಗದಲ್ಲಿ 1886ರಿಂದ ಬಂಡಿಗಳು ಓಡಿದವು.

1889ರ ಅಕ್ಟೋಬರ್ 15ರಂದು ಗೂಚನು ವಿಂಡ್ಸರಿನ ಬಳಿಯ ಕ್ಲೂವರ್ ಪಾರ್ಕಿನ ತನ್ನ ಮನೆಯಲ್ಲಿ ತೀರಿಕೊಂಡನು. ಅಧ್ಯಕ್ಷ ಪದವಿಯಲ್ಲಿಯೇ ಇದ್ದನು. ಪ್ಯಾಡಿಂಗ್‌ಟನ್‌ನಿಂದ ಪಶ್ಚಿಮದ ತುದಿಗೆ ಅಗಲ ಹಳಿಯ ಬಂಡಿ ಅಂದಿಗೂ ಹೋಗುತ್ತಿತ್ತು. 1892ರ ಮೇ 20ರಂದು ಕೊನೆಯ ಬಂಡಿ ಹೊರಟಿತು. ಶನಿವಾರ, ಭಾನುವಾರ ಎರಡು ದಿನಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆಲಸಗಾರರು ಎಕ್ಸಿಟರಿನಿಂದಾಚೆಯ 171 ಮೈಲಿ ಹಳಿಯನ್ನು ಒಳಕ್ಕೆ ಸರಿಸಿದರು. ಸೋಮವಾರ ಕಿರಿದು ಬಂಡಿ ಓಡಿತು. ಅಗಲ ಹಳಿಯ ಎಂಜಿನ್ನುಗಳೂ ಬಂಡಿಗಳೂ ಒಡೆಯುವವರನ್ನು ಕಾಯುತ್ತ ಸ್ವಿಂಡನ್ನಿನ ಬಯಲಿನಲ್ಲಿ ಮೈಲಿಗಟ್ಟಲೆ ಸಾಲುಗಟ್ಟಿ ನಿಂತವು. 'ನಾರ್ತ್ ಸ್ಟಾರ್' ಮತ್ತು 'ಲಾರ್ಡ್ ಆಫ್ ದಿ ಐಲ್ಸ್' ಎರಡನ್ನು ಮಾತ್ರ ನೆನಪಿಗೆಂದು ಕಾರ್ಖಾನೆಯಲ್ಲಿ ಇರಿಸಿಕೊಂಡಿದ್ದರು. ಜಾಗ ಸಾಲದೆಂದು 1906ರಲ್ಲಿ ಅವನ್ನೂ ಒಡೆದರು. ಎರಡನೆಯದರ 8 ಅಡಿಯ ಚಾಲಕ ಚಕ್ರಗಳು ಉಳಿದುಕೊಂಡವು. 1925ರಲ್ಲಿ, ಒಡೆದ ಕಾರ್ಖಾನೆಯವರೇ, ಸಿಕ್ಕಿದ ಕೆಲವು ಹಳೆಯ ಭಾಗಗಳನ್ನು ಸೇರಿಸಿ 'ನಾರ್ತ್ ಸ್ಟಾರ್' ಎಂಜಿನ್ನಿನ ಪ್ರತಿಯೊಂದನ್ನು ಕಟ್ಟಿದರು. ಅದು ಈಗ ಸ್ವಿಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ.